ಕ್ರೀಟ್ ದ್ವೀಪದ ವಸಂತ: ಹೂವಿಗಾಗಿ ಹೋಗಬೇಕೆ, ಹಬ್ಬಕ್ಕಾಗಿ ಹೋಗಬೇಕೆ?

ಪ್ರಶ್ನೆ: ನಾನು ಶಿವಮೊಗ್ಗದವಳು, ಕಾಲೇಜಿನಲ್ಲಿ ಸಸ್ಯಶಾಸ್ತ್ರ ಬೋಧಿಸಿ ನಿವೃತ್ತಳಾಗಿದ್ದೇನೆ. ಮಗಳು ಜರ್ಮನಿಯ ಮ್ಯೂನಿಕ್‌ನಲ್ಲಿ ಕೆಲಸದಲ್ಲಿದ್ದಾಳೆ. 2027ರ ವಸಂತದಲ್ಲಿ ನಾನೂ ನಮ್ಮ ಯಜಮಾನರೂ ಅವಳ ಮನೆಗೆ ಹೋಗುವವರಿದ್ದೇವೆ. ಅಲ್ಲಿಂದ ಎರಡು ವಾರದ ಮಟ್ಟಿಗೆ ಗ್ರೀಸ್ ದೇಶದ ಕ್ರೀಟ್ ದ್ವೀಪಕ್ಕೆ ಕರೆದೊಯ್ಯುತ್ತೇನೆ ಎನ್ನುತ್ತಿದ್ದಾಳೆ. ಅಲ್ಲಿನ ಕಾಡು ಟ್ಯೂಲಿಪ್‌ಗಳನ್ನೂ ಆರ್ಕಿಡ್‌ಗಳನ್ನೂ ನೋಡುವ ಆಸೆ ನನ್ನದು, ಹಳ್ಳಿಯ ಈಸ್ಟರ್ ಹಬ್ಬ ನೋಡುವ ಆಸೆ ಮಗಳದು. ಆದರೆ ಹೋಗಿಬಂದವರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಏಪ್ರಿಲ್‌ನಲ್ಲಿ ಎಲ್ಲವೂ ಮುಚ್ಚಿರುತ್ತದೆ, ಸಮುದ್ರಕ್ಕೆ ಇಳಿಯಲಾಗದಷ್ಟು ಚಳಿ, ಈಸ್ಟರ್ ವಾರದಲ್ಲಿ ಊರೇ ಸ್ತಬ್ಧವಾಗುತ್ತದೆ, ಮೊಟ್ಟೆಯನ್ನೂ ಮುಟ್ಟದ ನಮ್ಮಂಥವರಿಗೆ ಊಟ ಸಿಗುವುದಿಲ್ಲ, ಸಮಾರಿಯಾ ಕಮರಿಯಲ್ಲಿ ನಡೆಯದಿದ್ದರೆ ಕ್ರೀಟ್ ನೋಡಿದಂತೆಯೇ ಅಲ್ಲ, ಹೀಗೆ. ನಮ್ಮ ಯಜಮಾನರಿಗೆ 68 ವರ್ಷ, ಮೊಣಕಾಲು ಸವೆದಿದೆ. ಯಾವ ದಿನಗಳಲ್ಲಿ ಹೋಗುವುದು ಒಳ್ಳೆಯದು? ಯಾವುದನ್ನು ಬಿಡಬಹುದು? ಅಲ್ಲಿನ ಗೆಡ್ಡೆ, ಬೀಜಗಳನ್ನು ತರಬಹುದೆ?

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಹಲವಿದ್ದರೂ ಅವುಗಳ ಬುಡದಲ್ಲಿರುವ ಆತಂಕ ಒಂದೇ: ಅಷ್ಟು ದೂರ ಹೋದ ಮೇಲೆ, ನೋಡಬೇಕೆಂದುಕೊಂಡಿದ್ದು ಆಗಲೇ ಮುಗಿದುಹೋಗಿದ್ದರೆ ಅಥವಾ ಇನ್ನೂ ಆರಂಭವಾಗದೆ ಇದ್ದರೆ ಏನು ಮಾಡುವುದು ಎಂಬುದು. ಈ ಆತಂಕಕ್ಕೆ ಕಾರಣವಿದೆ. ಮೆಡಿಟರೇನಿಯನ್ ದ್ವೀಪಗಳಿಗೆ ನಿಸರ್ಗ ಪ್ರವಾಸಗಳನ್ನು ಯೋಜಿಸುವುದು ನನ್ನ ವೃತ್ತಿ. ಕ್ರೀಟ್‌ನಿಂದ ನಿರಾಶರಾಗಿ ಮರಳಿದವರನ್ನು ವಿಚಾರಿಸಿದಾಗಲೆಲ್ಲ ಜಾಗ ಸರಿಯಾಗಿದ್ದು ವಾರ ತಪ್ಪಿರುವುದೇ ಹೆಚ್ಚು. ಅಲ್ಲಿ ಹೂವಿನ ಕಾಲವನ್ನು ಮಳೆಯೂ ನೆಲದ ಎತ್ತರವೂ ನಿರ್ಧರಿಸುತ್ತವೆ, ಹಬ್ಬದ ಕಾಲವನ್ನು ಚಂದ್ರ ನಿರ್ಧರಿಸುತ್ತಾನೆ. ಕೆಲವು ವರ್ಷ ಎರಡೂ ಒಂದೇ ವಾರದಲ್ಲಿ ಕೂಡಿಬರುತ್ತವೆ, ಕೆಲವು ವರ್ಷ ಬರುವುದಿಲ್ಲ. 2027ರಲ್ಲಿ ಅವು ಪೂರ್ತಿಯಾಗಿ ಕೂಡಿಬರುವುದಿಲ್ಲ. ಆದ್ದರಿಂದ ಟಿಕೆಟ್ ನೋಡುವ ಮೊದಲು ಮನೆಯಲ್ಲಿ ಕೂತು ತೀರ್ಮಾನಿಸಬೇಕಾದ ಮಾತು ಒಂದಿದೆ: ನಿಮ್ಮ ಆಸೆ ಮೊದಲೋ, ಮಗಳ ಆಸೆ ಮೊದಲೋ, ಅಥವಾ ಇಬ್ಬರೂ ಸ್ವಲ್ಪ ಬಿಟ್ಟುಕೊಡುತ್ತೀರೋ ಎಂಬುದು.

ಮೊದಲು ಹೂವಿನ ವಿಷಯ, ಏಕೆಂದರೆ ಇದರಲ್ಲೇ ತಪ್ಪು ತಿಳಿವಳಿಕೆ ಹೆಚ್ಚು. ದ್ವೀಪವೆಂದರೆ ಒಂದೇ ಹವೆ, ಒಂದೇ ಋತು ಎಂದು ಭಾವಿಸಿ ಬರುವವರು ಬಹಳ. ಕ್ರೀಟ್‌ನ ವಿಸ್ತೀರ್ಣ ಸುಮಾರು 8,336 ಚದರ ಕಿಲೋಮೀಟರ್, ಅಂದರೆ ನಿಮ್ಮ ಶಿವಮೊಗ್ಗ ಜಿಲ್ಲೆಗಿಂತ ತುಸುವೇ ಕಡಿಮೆ. ಆದರೆ ಅದು ಪೂರ್ವ ಪಶ್ಚಿಮವಾಗಿ ಸುಮಾರು 260 ಕಿಲೋಮೀಟರ್ ಉದ್ದಕ್ಕೆ ಚಾಚಿಕೊಂಡಿದೆ, ಇಯೆರಾಪೆಟ್ರಾ ಪಟ್ಟಣದ ಬಳಿ ಅಗಲ ಕೇವಲ 12 ಕಿಲೋಮೀಟರ್‌ಗೆ ಇಳಿಯುತ್ತದೆ. ಈ ಕಿರಿದಾದ ನೆಲದ ನಡುವೆ ಮೂರು ಬೆಟ್ಟಸಾಲುಗಳು ಎದ್ದಿವೆ: ಪಶ್ಚಿಮದಲ್ಲಿ 2,453 ಮೀಟರ್ ಎತ್ತರದ ಲೆಫ್ಕಾ ಓರಿ, ಅಂದರೆ ಬಿಳಿ ಬೆಟ್ಟಗಳು, ನಡುವೆ 2,456 ಮೀಟರ್ ಎತ್ತರದ ಪ್ಸಿಲೋರಿಟಿಸ್, ಪೂರ್ವದಲ್ಲಿ 2,148 ಮೀಟರ್ ಎತ್ತರದ ದಿಕ್ತಿ. ಸಮುದ್ರ ತೀರದಲ್ಲಿ ಹುಲ್ಲು ಒಣಗುವ ಹೊತ್ತಿಗೆ ಶಿಖರಗಳ ಮೇಲೆ ಹಿಮ ಇನ್ನೂ ಕರಗುತ್ತಿರುತ್ತದೆ. ಹೀಗಾಗಿ ಅಲ್ಲಿನ ವಸಂತ ಜನವರಿಯ ಕೊನೆಗೆ ತೀರದಲ್ಲಿ ಆರಂಭವಾಗಿ, ವಾರದಿಂದ ವಾರಕ್ಕೆ ಬೆಟ್ಟ ಹತ್ತಿ, ಜೂನ್‌ನಲ್ಲಿ ಹಿಮದ ಅಂಚನ್ನು ಮುಟ್ಟುತ್ತದೆ. ನಿಮ್ಮ ಕೈಯಲ್ಲಿರುವ ದಿನಾಂಕ ಯಾವುದೇ ಇರಲಿ, ಅದಕ್ಕೆ ಹೊಂದುವ ಎತ್ತರವೊಂದು ಆ ದ್ವೀಪದಲ್ಲಿ ಇದ್ದೇ ಇರುತ್ತದೆ.

ಇದರ ಹಿಂದಿನ ಕಾರಣ ನಿಮಗೆ ಹೊಸದಲ್ಲ. ಅಲ್ಲಿ ಮಳೆಗಾಲವೆಂದರೆ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ. ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಒಂದು ಹನಿಯೂ ಬೀಳದಿರಬಹುದು. ಆದ್ದರಿಂದ ಗಿಡಗಳು ಚಳಿಗಾಲದಲ್ಲಿ ಬೆಳೆದು, ವಸಂತದಲ್ಲಿ ಅವಸರದಿಂದ ಹೂಬಿಟ್ಟು, ಬಿಸಿಲು ಬಲಿಯುವ ಮೊದಲೇ ಬೀಜ ಕಟ್ಟಬೇಕು. ಕೆಲವು ಗಿಡಗಳು ಆಹಾರವನ್ನು ಗೆಡ್ಡೆಗೆ ಇಳಿಸಿ ಬೇಸಿಗೆಯಿಡೀ ನೆಲದಡಿ ಮಲಗುತ್ತವೆ. ಟ್ಯೂಲಿಪ್, ಅನಿಮೋನಿ, ಸೈಕ್ಲಮೆನ್, ನೆಲದ ಆರ್ಕಿಡ್‌ಗಳೆಲ್ಲ ಈ ದಾರಿ ಹಿಡಿದವು. ದ್ವೀಪವು ಮುಖ್ಯ ಭೂಭಾಗದಿಂದ ಸುಮಾರು ಐವತ್ತು ಲಕ್ಷ ವರ್ಷಗಳಿಂದ ಬೇರೆಯಾಗಿ ಉಳಿದಿರುವುದರಿಂದಲೂ, ಸುಣ್ಣಕಲ್ಲಿನ ಕಡಿದಾದ ಕಮರಿಗೋಡೆಗಳಿಗೆ ಮೇಕೆಯ ಬಾಯಿ ತಲುಪದಿರುವುದರಿಂದಲೂ ಬೇರೆಲ್ಲೂ ಇಲ್ಲದ ಪ್ರಭೇದಗಳು ಅಲ್ಲಿ ಉಳಿದುಕೊಂಡಿವೆ. ಕ್ರೀಟ್‌ನ ಸುಮಾರು 1,800 ಬಗೆಯ ಸಸ್ಯಗಳಲ್ಲಿ ಹತ್ತಿರಹತ್ತಿರ ಹತ್ತರಲ್ಲಿ ಒಂದು ಆ ದ್ವೀಪಕ್ಕೇ ಸೀಮಿತ. ಆರ್ಕಿಡ್‌ಗಳೇ ಅರವತ್ತಕ್ಕೂ ಹೆಚ್ಚು ಬಗೆಯಿವೆ. ಅವುಗಳಲ್ಲಿ ಒಫ್ರಿಸ್ ಕುಲದವನ್ನು ನೀವು ಮೊಣಕಾಲೂರಿ ನೋಡಬೇಕು: ಹೂವಿನ ತುಟಿ ಹೆಣ್ಣು ದುಂಬಿಯ ಮೈಯಂತೆ ರೋಮ, ಹೊಳಪು, ವಾಸನೆ ಎಲ್ಲವನ್ನೂ ತಾಳಿ ಗಂಡು ದುಂಬಿಯನ್ನು ಮೋಸಗೊಳಿಸಿ ಪರಾಗ ಅಂಟಿಸಿ ಕಳುಹಿಸುತ್ತದೆ, ಪ್ರತಿಯಾಗಿ ಒಂದು ಹನಿ ಮಕರಂದವನ್ನೂ ಕೊಡುವುದಿಲ್ಲ. ಪಠ್ಯದಲ್ಲಿ ಕಲಿಸಿದ್ದು ದಾರಿಬದಿಯ ಕಲ್ಲುಗಳ ನಡುವೆ ಗೇಣೆತ್ತರದಲ್ಲಿ ನಿಂತಿರುವುದನ್ನು ಕಂಡಾಗ ಆಗುವ ಸಂತೋಷವನ್ನು ಸಸ್ಯಶಾಸ್ತ್ರ ಕಲಿಸಿದವರ ಮುಖದಲ್ಲೇ ನೋಡಬೇಕು.

ಈಗ ತಿಂಗಳುಗಳ ಲೆಕ್ಕ. ಕೆಂಪು, ನೇರಳೆ, ಬಿಳಿ ಬಣ್ಣದ ಅನಿಮೋನಿ ಹೂಗಳು ತೀರಪ್ರದೇಶದಲ್ಲಿ ಜನವರಿಯಿಂದ ಮಾರ್ಚ್‌ವರೆಗೆ. ಏಪ್ರಿಲ್ ಕೊನೆಗೆ ಅವು ತಗ್ಗಿನಲ್ಲಿ ಸಿಗುವುದಿಲ್ಲ. ತಗ್ಗು ಹಾಗೂ ನಡುವೆತ್ತರದ ಆರ್ಕಿಡ್‌ಗಳಿಗೆ ಮಾರ್ಚ್ ನಡುವಿನಿಂದ ಏಪ್ರಿಲ್ ನಡುವಿನವರೆಗಿನ ಕಾಲ ಅತ್ಯುತ್ತಮ. ನೀವು ಆಸೆಪಟ್ಟಿರುವ ಟ್ಯೂಲಿಪ್‌ಗಳಲ್ಲಿ ಕೆಂಪನೆಯದು, ಟ್ಯುಲಿಪಾ ಡೋರ್ಫ್ಲೆರಿ, ರೆಥಿಮ್ನೋ ಪ್ರಾಂತ್ಯದ ಸ್ಪಿಲಿ ಎಂಬ ಊರಿನ ಮೇಲಿನ ಗಿಯೂಸ್ ಕಾಂಬೋಸ್ ಎಂಬ ಚಿಕ್ಕ ಪ್ರಸ್ಥಭೂಮಿಯ ಹೊಲಗಳಲ್ಲಿ ಅರಳುತ್ತದೆ. ಸುತ್ತಲಿನ ಕಲ್ಲುಗುಡ್ಡಗಳಲ್ಲಿ ಆರ್ಕಿಡ್‌ಗಳೂ ಹೇರಳ. ಅದರ ಕಾಲ ಸಾಮಾನ್ಯವಾಗಿ ಏಪ್ರಿಲ್‌ನ ಮೊದಲ ಮೂರು ವಾರ. ಚಳಿಗಾಲ ತಡವಾಗಿ ಮುಗಿದ ವರ್ಷ ಕೆಲವು ದಿನ ಮುಂದಕ್ಕೆ ಹೋಗಬಹುದು, ಆದರೆ ಅದನ್ನು ನಂಬಿ ಟಿಕೆಟ್ ಮಾಡಬಾರದು. ಹಳದಿ ನಡುವಿನ ತಿಳಿನೇರಳೆ ಟ್ಯೂಲಿಪ್, ಟ್ಯುಲಿಪಾ ಬೇಕೆರಿ, ಪಶ್ಚಿಮದ ಒಮಾಲೋಸ್ ಪ್ರಸ್ಥಭೂಮಿಯದು. ಸಮುದ್ರಮಟ್ಟದಿಂದ ಸುಮಾರು 1,050 ಮೀಟರ್ ಎತ್ತರದಲ್ಲಿರುವ ಆ ಬಟ್ಟಲಿನಂಥ ಬಯಲಿನಲ್ಲಿ ಅದು ಏಪ್ರಿಲ್‌ನ ಉತ್ತರಾರ್ಧದಿಂದ ಮೇ ಆರಂಭದವರೆಗೆ ಸಿಗುತ್ತದೆ. ಏಪ್ರಿಲ್ ಕೊನೆಗೆ ಬಂದವರಿಗೆ ಸಿಗುವ ಇನ್ನೊಂದು ಸೊಗಸು ಎಬೆನಸ್ ಕ್ರೆಟಿಕಾ. ಕ್ರೀಟ್‌ನಲ್ಲಿ ಮಾತ್ರ ಬೆಳೆಯುವ ಈ ದ್ವಿದಳ ಜಾತಿಯ ಪೊದೆ ರಸ್ತೆ ಕಡಿದ ಇಳಿಜಾರುಗಳನ್ನೆಲ್ಲ ಗುಲಾಬಿ ಬಣ್ಣದಲ್ಲಿ ಮುಚ್ಚಿಬಿಡುತ್ತದೆ. ಅದೇ ಹೊತ್ತಿಗೆ ಡ್ರಾಕಂಕ್ಯುಲಸ್ ಕೂಡ ಅರಳುತ್ತದೆ; ಅದು ನಮ್ಮ ಸುವರ್ಣಗೆಡ್ಡೆಯ ಕುಟುಂಬದ್ದೇ, ಕಡುನೇರಳೆ ಹಾಳೆಯ ನಡುವಿನಿಂದ ಕೊಳೆತ ಮಾಂಸದ ವಾಸನೆ ಬೀರಿ ನೊಣಗಳನ್ನು ಕರೆಯುತ್ತದೆ.

ಇನ್ನು ಹಬ್ಬ. ಗ್ರೀಸ್‌ನ ಆರ್ಥೊಡಾಕ್ಸ್ ಚರ್ಚ್ ಈಸ್ಟರ್ ದಿನವನ್ನು ಹಳೆಯ ಜೂಲಿಯನ್ ಪಂಚಾಂಗದ ಲೆಕ್ಕದಲ್ಲಿ ನಿರ್ಧರಿಸುತ್ತದೆ. ವಸಂತ ವಿಷುವದ ನಂತರದ ಹುಣ್ಣಿಮೆ ಕಳೆದು ಬರುವ ಭಾನುವಾರವೆಂಬ ನಿಯಮ ಈ ಚರ್ಚಿಗೂ ಜರ್ಮನಿಯಂಥ ಪಶ್ಚಿಮದ ದೇಶಗಳ ಚರ್ಚುಗಳಿಗೂ ಒಂದೇ. ಆದರೆ ಜೂಲಿಯನ್ ಪಂಚಾಂಗ ಈಗ 13 ದಿನ ಹಿಂದಿದೆ, ಹುಣ್ಣಿಮೆಯ ಗಣಿತವೂ ಹಳೆಯದು. ಹೀಗಾಗಿ 2027ರಲ್ಲಿ ಜರ್ಮನಿಯ ಈಸ್ಟರ್ ಮಾರ್ಚ್ 28ಕ್ಕೆ ಬಂದರೆ ಗ್ರೀಸ್‌ನದು ಮೇ 2ಕ್ಕೆ. ಮಗಳು ಆಫೀಸಿನ ಈಸ್ಟರ್ ರಜೆಯನ್ನು ಲೆಕ್ಕಹಾಕಿ ಟಿಕೆಟ್ ಮಾಡಿಬಿಟ್ಟರೆ ಹಬ್ಬ ಒಂದು ತಿಂಗಳಿಗೂ ಹೆಚ್ಚು ದೂರ ಇರುತ್ತದೆ. ಈ ಗೊಂದಲದಿಂದ ಹಬ್ಬ ತಪ್ಪಿಸಿಕೊಂಡವರನ್ನು ನಾನು ಬಹಳ ಕಂಡಿದ್ದೇನೆ. ದಯವಿಟ್ಟು ಈ ದಿನಾಂಕವನ್ನು ಅವರಿಗೆ ಇಂದೇ ತಿಳಿಸಿ.

2027ರ ಪವಿತ್ರ ವಾರ ಏಪ್ರಿಲ್ 25ರ ಗರಿಗಳ ಭಾನುವಾರದ ನಂತರ ಶುರುವಾಗುತ್ತದೆ. ಗುರುವಾರ ಮನೆಮನೆಗಳಲ್ಲಿ ಮೊಟ್ಟೆಗಳಿಗೆ ಕೆಂಪು ಬಣ್ಣ ಕಟ್ಟುತ್ತಾರೆ. ಆ ರಾತ್ರಿ ಊರ ಹೆಂಗಸರು ಚರ್ಚಿನಲ್ಲಿ ಸೇರಿ, ಎಪಿಟಾಫಿಯೋಸ್ ಎಂದು ಕರೆಯುವ ಕ್ರಿಸ್ತನ ಶವಮಂಚದ ಮಂಟಪವನ್ನು ಹೂಗಳಿಂದ ಅಲಂಕರಿಸುತ್ತ ಶೋಕಗೀತೆಗಳನ್ನು ಹಾಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಇಡೀ ವಾರದಲ್ಲಿ ಅತ್ಯಂತ ಮನಮುಟ್ಟುವ ಹೊತ್ತು ಇದೇ, ಪ್ರವಾಸಿಗರು ಅತಿ ಕಡಿಮೆ ಇರುವ ಹೊತ್ತೂ ಇದೇ. ಶುಕ್ರವಾರವಿಡೀ ಗಂಟೆಗಳು ನಿಧಾನವಾಗಿ ಬಾರಿಸುತ್ತವೆ, ರಾತ್ರಿ ಮಂಟಪವನ್ನು ಹೊತ್ತು ಮೇಣದಬತ್ತಿಗಳೊಂದಿಗೆ ಬೀದಿಗಳಲ್ಲಿ ಮೆರವಣಿಗೆ ಹೊರಡುತ್ತದೆ. ಶನಿವಾರ ನಡುರಾತ್ರಿ ಚರ್ಚಿನ ದೀಪಗಳನ್ನೆಲ್ಲ ಆರಿಸಿ, ಗುರುಗಳು ಒಂದು ಜ್ಯೋತಿಯೊಂದಿಗೆ ಹೊರಬಂದು, "ಕ್ರಿಸ್ತೋಸ್ ಅನೆಸ್ತಿ", ಕ್ರಿಸ್ತನು ಎದ್ದಿದ್ದಾನೆ ಎಂದು ಸಾರುತ್ತಾರೆ. ಬತ್ತಿಯಿಂದ ಬತ್ತಿಗೆ ಬೆಂಕಿ ಹರಡಿ ಅಂಗಳವೆಲ್ಲ ಬೆಳಕಾಗುತ್ತದೆ. ಜನ ಆ ಜ್ಯೋತಿಯನ್ನು ಆರದಂತೆ ಮನೆಗೆ ಒಯ್ದು ಬಾಗಿಲ ಮೇಲ್ಪಟ್ಟಿಗೆ ಮಸಿಯಿಂದ ಶಿಲುಬೆಯ ಗುರುತು ಹಾಕುತ್ತಾರೆ. ಕ್ರೀಟ್‌ನಲ್ಲಿ ಇದರ ಜೊತೆಗೆ ಫುನಾರಾ ಎಂಬ ದೊಡ್ಡ ಬೆಂಕಿಯ ಪದ್ಧತಿಯಿದೆ: ಹುಡುಗರು ದಿನಗಟ್ಟಲೆ ಸೌದೆ ಒಟ್ಟಿ, ಅದರ ಮೇಲೆ ಕ್ರಿಸ್ತನಿಗೆ ದ್ರೋಹ ಬಗೆದ ಶಿಷ್ಯ ಯೂದನ ಪ್ರತಿಕೃತಿಯನ್ನು ನಿಲ್ಲಿಸಿ, ಆ ನಡುರಾತ್ರಿ ಸುಡುತ್ತಾರೆ.

ಪರಧರ್ಮದವರು ನೋಡಬಹುದೆ ಎಂದು ನೀವು ಕೇಳಿಲ್ಲ. ಆದರೂ ಹೇಳುತ್ತೇನೆ, ಏಕೆಂದರೆ ನಮ್ಮವರು ಸಂಕೋಚದಿಂದ ದೂರ ನಿಂತುಬಿಡುತ್ತಾರೆ. ಭುಜ ಮತ್ತು ಮೊಣಕಾಲು ಮುಚ್ಚುವ ಉಡುಪು, ಕೈಯಲ್ಲೊಂದು ಮೇಣದಬತ್ತಿ, ಅಂಗಳದಲ್ಲಿ ಒಂದು ಮೂಲೆ, ಇಷ್ಟಿದ್ದರೆ ಯಾರೂ ಆಕ್ಷೇಪಿಸುವುದಿಲ್ಲ. ಪಕ್ಕದಲ್ಲಿ ನಿಂತವರೇ ನಿಮ್ಮ ಬತ್ತಿ ಹೊತ್ತಿಸಿಕೊಡುತ್ತಾರೆ. ಪ್ರಸಾದದ ರೊಟ್ಟಿ ಮತ್ತು ದ್ರಾಕ್ಷಾರಸದ ಸಂಸ್ಕಾರ ಮಾತ್ರ ಆ ಪಂಗಡದ ದೀಕ್ಷೆ ಪಡೆದವರಿಗೆ. ಆ ಸಾಲಿನಲ್ಲಿ ನಿಲ್ಲಬಾರದು. ನಿಜವಾದ ಅಪಾಯ ಬೇರೆ ಇದೆ. ನಡುರಾತ್ರಿಯ ಘೋಷಣೆಯೊಂದಿಗೆ ಪಟಾಕಿಗಳು ಕಿವಿಗಡಚಿಕ್ಕುವಂತೆ ಸಿಡಿಯುತ್ತವೆ, ಕೆಲವು ಬೆಟ್ಟದ ಹಳ್ಳಿಗಳಲ್ಲಿ ಕಾನೂನನ್ನು ಮೀರಿ ಆಕಾಶಕ್ಕೆ ಬಂದೂಕು ಹಾರಿಸುವವರೂ ಇದ್ದಾರೆ. ನಡಿಗೆ ಚುರುಕಿಲ್ಲದ ಹಿರಿಯರೊಂದಿಗೆ ಆ ರಾತ್ರಿಯನ್ನು ಹಾನಿಯಾ ಅಥವಾ ರೆಥಿಮ್ನೋ ಪಟ್ಟಣದ ಚರ್ಚೊಂದರ ಬಳಿ, ಬೆಂಕಿಯಿಂದ ದೂರದಲ್ಲಿ, ಹೊರಗೆ ಹೋಗಲು ದಾರಿ ಇರುವ ಕಡೆ ಕಳೆಯುವುದು ಲೇಸು. ಹಳ್ಳಿಯ ಹಬ್ಬವನ್ನು ಗುರುವಾರ ಮತ್ತು ಶುಕ್ರವಾರ ನೋಡಬಹುದು. ಮಗಳಿಗೂ ಅದರಿಂದ ನಷ್ಟವಾಗದು.

ಮೇ 3ರ ಸೋಮವಾರವನ್ನು ಮಾತ್ರ ಬಿಡಬೇಡಿ. ಸಂತ ಜಾರ್ಜ್ ಹಬ್ಬ ಸಾಮಾನ್ಯವಾಗಿ ಏಪ್ರಿಲ್ 23ಕ್ಕೆ. ಆದರೆ ಆ ದಿನ ಈಸ್ಟರ್ ಮುಂಚಿನ ಉಪವಾಸಕಾಲದೊಳಗೆ ಬಿದ್ದರೆ ಹಬ್ಬವನ್ನು ಈಸ್ಟರ್ ಮರುದಿನಕ್ಕೆ ಸರಿಸುತ್ತಾರೆ. 2027ರಲ್ಲಿ ಹಾಗೆಯೇ ಆಗುತ್ತದೆ. ಹಾನಿಯಾ ಪ್ರಾಂತ್ಯದ ಆಸಿ ಗೋನಿಯಾ ಎಂಬ ಬೆಟ್ಟದೂರಿನಲ್ಲಿ ಅಂದು ಕುರುಬರು ತಮ್ಮ ಮಂದೆಗಳನ್ನು ಸಂತ ಜಾರ್ಜನ ಚರ್ಚಿನ ಮುಂದೆ ತಂದು, ಕುರಿಗಳ ಹಾಲು ಕರೆದು, ಗುರುಗಳಿಂದ ಮಂದೆಗೆ ಆಶೀರ್ವಾದ ಮಾಡಿಸಿ, ಆ ಹಾಲನ್ನು ಬಂದವರಿಗೆಲ್ಲ ಹಂಚುತ್ತಾರೆ. ಕುರಿ ಸಾಕುವವರ ಬದುಕಿನಿಂದ ನೇರವಾಗಿ ಹುಟ್ಟಿದ ಈ ಆಚರಣೆಯನ್ನು ನೋಡಲು ನಿಮ್ಮ ಯಜಮಾನರು ಹೆಚ್ಚು ನಡೆಯಬೇಕಾಗಿಯೂ ಇಲ್ಲ. ಪ್ರೊತೊಮಾಯಿಯಾ ಎಂಬ ಮೇ 1ರ ಆಚರಣೆ ಕೂಡ ಈ ಬಾರಿ ಪವಿತ್ರ ಶನಿವಾರವೇ ಬಂದಿದೆ. ಅಂದು ಕಾಡುಹೂಗಳ ಮಾಲೆಯನ್ನು ದುಂಡಗೆ ಕಟ್ಟಿ ಬಾಗಿಲಿಗೆ ತೂಗುಹಾಕಿ, ಅದನ್ನು ಜೂನ್‌ನ ಸಂತ ಯೋಹಾನನ ಹಬ್ಬದ ಬೆಂಕಿಯವರೆಗೆ ಒಣಗಲು ಬಿಡುತ್ತಾರೆ.

"ಎಲ್ಲವೂ ಮುಚ್ಚಿರುತ್ತದೆ" ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಹಾನಿಯಾ, ರೆಥಿಮ್ನೋ, ಇರಾಕ್ಲಿಯೋ ಪಟ್ಟಣಗಳು ವರ್ಷವಿಡೀ ಬದುಕಿರುವ ಊರುಗಳು. ಅಲ್ಲಿ ಹೋಟೆಲು, ಬಸ್ಸು, ಮಾರುಕಟ್ಟೆ ಯಾವುದಕ್ಕೂ ಏಪ್ರಿಲ್‌ನಲ್ಲಿ ಕೊರತೆಯಿಲ್ಲ. ಕೇವಲ ಬೇಸಿಗೆ ಪ್ರವಾಸಿಗರನ್ನೇ ನೆಚ್ಚಿದ ಕಡಲತೀರದ ಊರುಗಳು ಮಾತ್ರ ಏಪ್ರಿಲ್ ನಡುವಿನಿಂದ ಒಂದೊಂದಾಗಿ ತೆರೆಯುತ್ತವೆ. ನಿಜವಾಗಿ ಗಮನಿಸಬೇಕಾದದ್ದು ಹಬ್ಬದ ಮೂರ್ನಾಲ್ಕು ದಿನಗಳನ್ನು. ಪುರಾತತ್ವ ತಾಣಗಳೂ ಸರ್ಕಾರಿ ಮ್ಯೂಸಿಯಂಗಳೂ ಮೇ 1ರಂದು ಮತ್ತು ಈಸ್ಟರ್ ಭಾನುವಾರ ಮುಚ್ಚಿರುತ್ತವೆ, ಶುಭ ಶುಕ್ರವಾರ ಮಧ್ಯಾಹ್ನದ ಕೆಲವು ಗಂಟೆ ಮಾತ್ರ ತೆರೆದಿರುತ್ತವೆ. 2027ರಲ್ಲಿ ಈ ಮೂರೂ ದಿನ ಒಂದರ ಬೆನ್ನಿಗೆ ಒಂದು ಬರುವುದರಿಂದ ಕ್ನೋಸೋಸ್, ಫೈಸ್ಟೋಸ್ ಅರಮನೆಗಳ ಅವಶೇಷಗಳನ್ನೂ ಇರಾಕ್ಲಿಯೋ ಮ್ಯೂಸಿಯಂ ಅನ್ನೂ ಏಪ್ರಿಲ್ 28ರೊಳಗೆ ಮುಗಿಸಿಬಿಡಿ. 2025ರಲ್ಲಿ ಯುನೆಸ್ಕೋ ಕ್ರೀಟ್‌ನ ಪ್ರಾಚೀನ ಮಿನೋವನ್ ನಾಗರಿಕತೆಯ ಆರು ಅರಮನೆ ಕೇಂದ್ರಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು, ಈ ಎರಡೂ ಅವುಗಳಲ್ಲಿವೆ. ಎರಡರಲ್ಲಿ ಒಂದನ್ನೇ ಆರಿಸಬೇಕಾದರೆ ನಿಮ್ಮಂಥವರಿಗೆ ನಾನು ಫೈಸ್ಟೋಸ್ ಸೂಚಿಸುತ್ತೇನೆ. ಜನಸಂದಣಿ ಕಡಿಮೆ, ಕಲ್ಲುಚಪ್ಪಡಿಗಳ ನಡುವೆ ಗಸಗಸೆ ಜಾತಿಯ ಕೆಂಪು ಹೂಗಳು, ಎದುರಿಗೆ ಮೆಸ್ಸಾರಾ ಬಯಲು, ಉತ್ತರಕ್ಕೆ ಹಿಮ ಹೊತ್ತ ಪ್ಸಿಲೋರಿಟಿಸ್.

ಊಟದ ವಿಷಯದಲ್ಲಿ ನಿಮಗೆ ಹೇಳಿದವರು ಪೂರ್ತಿ ತಪ್ಪು. ಈಸ್ಟರ್‌ಗೆ ಮುಂಚಿನ ಉಪವಾಸಕಾಲದಲ್ಲಿ ಆಚಾರವಂತರು ಮಾಂಸ, ಮೀನು, ಮೊಟ್ಟೆ, ಹಾಲಿನ ಪದಾರ್ಥ ಯಾವುದನ್ನೂ ಮುಟ್ಟುವುದಿಲ್ಲ. ಹೋಟೆಲುಗಳಲ್ಲಿ ಇಂಥ ಅಡುಗೆಗೆ ನಿಸ್ಟೀಸಿಮಾ ಎನ್ನುತ್ತಾರೆ. ಬೇಯಿಸಿ ಆಲಿವ್ ಎಣ್ಣೆ, ನಿಂಬೆರಸ ಹಿಂಡಿದ ಕಾಡುಸೊಪ್ಪುಗಳು, ಹಸಿ ಅವರೆಜಾತಿಯ ಕಾಳಿನೊಂದಿಗೆ ಬೇಯಿಸಿದ ಆರ್ಟಿಚೋಕ್, ಫಾವಾ ಎಂಬ ಅರೆದ ಹಳದಿ ಬೇಳೆ, ಟೊಮೆಟೊ ರಸದಲ್ಲಿ ಬೆಂದ ದೊಡ್ಡ ಬಿಳಿ ಕಾಳು, ದ್ರಾಕ್ಷಿ ಎಲೆಯಲ್ಲಿ ಸುತ್ತಿದ ಅನ್ನ, ಇವೆಲ್ಲ ಆಗ ಹೇರಳ. ಶುಭ ಶುಕ್ರವಾರ ಮನೆಗಳಲ್ಲಿ ಹುಳಿ ಹಾಕಿದ ಮಸೂರಿ ಬೇಳೆಯ ಸಾರು ಮಾಡುತ್ತಾರೆ. ಆದರೆ ಎಚ್ಚರವಿರಲಿ: ರಕ್ತವಿಲ್ಲದ ಜೀವಿಗಳೆಂಬ ನೆಲೆಯಲ್ಲಿ ಆಕ್ಟೋಪಸ್, ಸೀಗಡಿ, ಚಿಪ್ಪುಜೀವಿಗಳು ಮತ್ತು ಕ್ರೀಟ್‌ನವರ ಪ್ರಿಯವಾದ ಬಸವನಹುಳು ಈ ಉಪವಾಸದ ಊಟದಲ್ಲಿ ಸಲ್ಲುತ್ತವೆ. ಆದ್ದರಿಂದ ನಿಸ್ಟೀಸಿಮಾ ಎಂದಷ್ಟೇ ಕೇಳಿದರೆ ಸಾಲದು, ಸಮುದ್ರದ್ದೂ ಬಸವನಹುಳುವೂ ಬೇಡವೆಂದು ಬಿಡಿಸಿ ಹೇಳಬೇಕು. ಹಬ್ಬದ ನಂತರ ಲೆಕ್ಕ ತಿರುಗುತ್ತದೆ. ಕಲಿಟ್ಸೂನಿಯಾ ಎಂಬ ಚೀಸ್ ತುಂಬಿದ ಸಿಹಿ ಕಡುಬುಗಳಲ್ಲಿ ಹೆಚ್ಚಾಗಿ ಮೊಟ್ಟೆಯಿರುತ್ತದೆ, ಮದುವೆ ಅನ್ನವೆಂದು ಬಡಿಸುವ ಗಾಮೊಪಿಲಾಫೋ ಮಾಂಸದ ಸಾರಿನಲ್ಲೇ ಬೆಂದಿರುತ್ತದೆ, ಗಟ್ಟಿ ಚೀಸ್‌ಗಳಿಗೆ ಸಾಂಪ್ರದಾಯಿಕವಾಗಿ ಎಳೆಮರಿಗಳ ಹೊಟ್ಟೆಯಿಂದ ತೆಗೆದ ಹೆಪ್ಪು ಬಳಸುತ್ತಾರೆ. ಈಸ್ಟರ್ ಭಾನುವಾರ ಅಂಗಳ ಅಂಗಳದಲ್ಲೂ ಇಡೀ ಕುರಿಮರಿಯನ್ನು ಕೆಂಡದ ಮೇಲೆ ಸುಡುತ್ತಾರೆ. ಅದು ಅವರಿಗೆ ವರ್ಷದ ಅತ್ಯಂತ ಸಂತೋಷದ ದಿನ. ನೋಡಲು ನಿಮಗೆ ಕಷ್ಟವೆನಿಸಿದರೆ ಮೊದಲೇ ದಿನಸಿ ತಂದಿಟ್ಟುಕೊಂಡು, ಅಂದು ಬುತ್ತಿ ಕಟ್ಟಿಕೊಂಡು ಒಮಾಲೋಸ್ ಬಯಲಿಗೆ ಹೋಗಿಬಿಡಿ. ಅಡುಗೆಮನೆ ಇರುವ ವಸತಿಯನ್ನೇ ಗೊತ್ತುಮಾಡುವುದು ಇಡೀ ಪ್ರವಾಸಕ್ಕೆ ಅನುಕೂಲ.

ಸಮುದ್ರ ತಣ್ಣಗಿರುತ್ತದೆ ಎಂಬುದು ನಿಜ. ಏಪ್ರಿಲ್‌ನಲ್ಲಿ ನೀರಿನ ಉಷ್ಣತೆ ಸುಮಾರು 17 ಡಿಗ್ರಿ. ಚಳಿಗಾಲದಲ್ಲಿ ತಣಿದ ನೀರು ನೆಲದಷ್ಟು ಬೇಗ ಬಿಸಿಯಾಗುವುದಿಲ್ಲ. ಗಾಳಿ ಮಾತ್ರ ಹಗಲು 20 ಡಿಗ್ರಿಯ ಆಸುಪಾಸಿನಲ್ಲಿ ಹಿತವಾಗಿರುತ್ತದೆ, ರಾತ್ರಿ 12ಕ್ಕೆ ಇಳಿಯುತ್ತದೆ, ಒಮಾಲೋಸ್‌ನಲ್ಲಿ ಇನ್ನೂ ಕೆಳಗೆ. ಜನ ಹೇಳದ ಸಂಗತಿಯೊಂದಿದೆ: ವಸಂತದಲ್ಲಿ ಉತ್ತರ ಆಫ್ರಿಕಾದ ಮೇಲೆ ವಾಯುಭಾರ ಕುಸಿದಾಗ ಸಹಾರಾದ ಬಿಸಿಗಾಳಿ ಧೂಳನ್ನು ಹೊತ್ತು ಸಮುದ್ರ ದಾಟಿ ಬರುತ್ತದೆ, ಬೆಟ್ಟ ಹತ್ತಿ ಉತ್ತರದ ಕಡೆ ಇಳಿಯುವಾಗ ಇನ್ನಷ್ಟು ಒಣಗಿ ಕಾಯುತ್ತದೆ. 2018ರ ಮಾರ್ಚ್‌ನಲ್ಲಿ ಕ್ರೀಟ್‌ನ ಆಕಾಶ ಇಂಥ ಧೂಳಿನಿಂದ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಇದು ಒಂದೆರಡು ದಿನದಲ್ಲಿ ಹಾದುಹೋಗುತ್ತದೆ. ಆದರೆ ಉಬ್ಬಸವಿರುವವರು ಆ ದಿನ ಮನೆಯೊಳಗಿರಬೇಕು. ಅದರ ಮೇಲೆ ಏಪ್ರಿಲ್ ಕೊನೆಯಿಂದ ಆಲಿವ್ ಮರಗಳ ಪರಾಗವೂ ಗಾಳಿಯಲ್ಲಿರುತ್ತದೆ.

ಸಮಾರಿಯಾ ಕಮರಿಯನ್ನು ನಿಮ್ಮ ಯಜಮಾನರೊಂದಿಗೆ ಇಳಿಯಬೇಡಿ. ಇದರಲ್ಲಿ ನನಗೆ ಎರಡು ಮಾತಿಲ್ಲ. ಸುಮಾರು 1,230 ಮೀಟರ್ ಎತ್ತರದ ಕ್ಸಿಲೋಸ್ಕಾಲೋದಿಂದ ಸಮುದ್ರ ತೀರದ ಆಯಿಯಾ ರುಮೇಲಿವರೆಗೆ 16 ಕಿಲೋಮೀಟರ್ ದಾರಿ, ಮೊದಲ ಭಾಗವಿಡೀ ಕಡಿದಾದ ಇಳಿಜಾರು, ಮುಂದೆ ಹೊಳೆಯ ಉರುಟುಗಲ್ಲುಗಳು. ಸವೆದ ಮೊಣಕಾಲಿಗೆ ಹತ್ತುವುದಕ್ಕಿಂತ ಇಳಿಯುವುದೇ ಹೆಚ್ಚು ನೋವು. ನಡುದಾರಿಯಲ್ಲಿ ಕಾಲು ಕೈಕೊಟ್ಟರೆ ವಾಹನ ಬರುವ ಮಾರ್ಗವೇ ಇಲ್ಲ. ಚಳಿಗಾಲದಲ್ಲಿ ನೆರೆ ಮತ್ತು ಬಂಡೆ ಉರುಳುವಿಕೆಯ ಕಾರಣ ಮುಚ್ಚಿರುವ ಕಮರಿ ಸಾಮಾನ್ಯವಾಗಿ ಮೇ 1ಕ್ಕೆ ತೆರೆಯುತ್ತದೆ, ಹವೆ ಕೆಟ್ಟರೆ ಮುಂದಕ್ಕೆ ಹೋಗುತ್ತದೆ. ಅದನ್ನು ನಂಬಿ ಹಬ್ಬದ ದಿನಗಳನ್ನು ಕಟ್ಟಿಹಾಕುವುದು ಜಾಣತನವಲ್ಲ. ಕ್ಸಿಲೋಸ್ಕಾಲೋದ ಅಂಚಿಗೆ ಕಾರಿನಲ್ಲೇ ಹೋಗಬಹುದು. ಅಲ್ಲಿ ನಿಂತು ಕೆಳಗಿನ ಕಮರಿಯನ್ನೂ ಎದುರಿನ ಗೋಡೆಯಂಥ ಬೆಟ್ಟವನ್ನೂ ನೋಡಿ, ಸುತ್ತುವ ರಣಹದ್ದುಗಳಿಗಾಗಿ ತಲೆಯೆತ್ತಿ ಕಾದು, ಹಿಂತಿರುಗಿ ಒಮಾಲೋಸ್‌ನ ಸಮತಟ್ಟು ಬಯಲಿನಲ್ಲಿ ಟ್ಯೂಲಿಪ್ ಹುಡುಕುತ್ತ ನಿಧಾನವಾಗಿ ನಡೆಯಿರಿ. ಕಮರಿಯೊಳಗೆ ನಡೆಯಲೇಬೇಕೆಂಬ ಹಟ ಮಗಳಿಗಿದ್ದರೆ ಸುಮಾರು 8 ಕಿಲೋಮೀಟರಿನ ಇಂಬ್ರೋಸ್ ಕಮರಿಗೆ ಅವರೊಬ್ಬರೇ ಬೆಳಗ್ಗೆ ಹೋಗಿಬರಲಿ.

ಗೆಡ್ಡೆ, ಬೀಜ ತರುವ ಪ್ರಶ್ನೆಗೆ ಉತ್ತರ ಇಲ್ಲ ಎಂಬುದೇ. ಗ್ರೀಸ್‌ನ 1981ರ ಅಧ್ಯಕ್ಷೀಯ ಆದೇಶದಡಿ ನೂರಾರು ಕಾಡುಸಸ್ಯಗಳಿಗೆ ರಕ್ಷಣೆಯಿದೆ; ಆರ್ಕಿಡ್‌ಗಳು ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದದಡಿಯಲ್ಲೂ ಬರುತ್ತವೆ. ಸ್ಥಳೀಯರು ಸೊಪ್ಪು ಕೀಳುವುದನ್ನು ನೋಡಿ ನಮಗೂ ಅನುಮತಿಯಿದೆ ಎಂದುಕೊಳ್ಳಬಾರದು. ಭಾರತಕ್ಕೆ ಪರವಾನಗಿ ಮತ್ತು ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದೆ ಗೆಡ್ಡೆ, ಬೀಜ ತರುವುದೂ ಕಾನೂನುಬಾಹಿರ. ಕಾನೂನನ್ನು ಬದಿಗಿಟ್ಟರೂ, ಈ ಆರ್ಕಿಡ್‌ಗಳ ಬೀಜ ಮೊಳೆಯಲು ಆ ಮಣ್ಣಿನ ಶಿಲೀಂಧ್ರ ಬೇಕು, ಗೆಡ್ಡೆಗೆ ಒಣ ಬೇಸಿಗೆಯ ನಿದ್ರೆ ಬೇಕು. ಮಲೆನಾಡಿನ ಮಳೆಯಲ್ಲಿ ಅದು ಕೊಳೆಯುವುದು ಖಂಡಿತ. ಗಿಯೂಸ್ ಕಾಂಬೋಸ್‌ನ ಬಯಲು ರೈತರ ಹೊಲವೆಂಬುದನ್ನು ಮರೆಯದೆ ಬದುವಿನ ಮೇಲೆಯೇ ನಡೆಯಿರಿ, ಬೇಲಿಯ ಬಾಗಿಲನ್ನು ಹೇಗಿತ್ತೋ ಹಾಗೆಯೇ ಮುಚ್ಚಿ ಬನ್ನಿ.

ಈಗ ದಿನಗಳ ಆಯ್ಕೆ. ಹೂವೇ ಮುಖ್ಯವೆಂದಾದರೆ ಏಪ್ರಿಲ್ 5ರಿಂದ 18ರವರೆಗೆ ಹೋಗಿ, ಸ್ಪಿಲಿ ಅಥವಾ ರೆಥಿಮ್ನೋದಲ್ಲಿ ಒಂದೇ ಕಡೆ ಉಳಿಯಿರಿ. ಕೆಂಪು ಟ್ಯೂಲಿಪ್, ಆರ್ಕಿಡ್, ಕಡಿಮೆ ಬಾಡಿಗೆ, ಉಪವಾಸದ ಊಟ ಎಲ್ಲವೂ ಸಿಗುತ್ತವೆ. ಹಬ್ಬವಿಲ್ಲ, ಒಂದೆರಡು ದಿನ ಮಳೆ ಬರಬಹುದು, ದಕ್ಷಿಣ ತೀರದ ದೋಣಿಗಳು ಪೂರ್ತಿಯಾಗಿ ಆರಂಭವಾಗಿರುವುದಿಲ್ಲ. ಹಬ್ಬವೇ ಮುಖ್ಯವೆಂದಾದರೆ ಏಪ್ರಿಲ್ 24ರಿಂದ. ಆಗ ಅಥೆನ್ಸ್‌ನಲ್ಲಿರುವ ಕ್ರೀಟ್‌ನವರೆಲ್ಲ ಊರಿಗೆ ಮರಳುವುದರಿಂದ ವಿಮಾನ, ಹಡಗು ಎರಡೂ ತುಂಬಿರುತ್ತವೆ, ಬಾಡಿಗೆಯೂ ಏರುತ್ತದೆ. ನಿಮ್ಮ ಮೂವರಿಗೂ ಹೊಂದುವುದು ನನ್ನ ಅಂದಾಜಿನಲ್ಲಿ ಏಪ್ರಿಲ್ 21ರಿಂದ ಮೇ 4ರವರೆಗಿನ ಅವಧಿ. ಮೊದಲ ಐದಾರು ದಿನ ಸ್ಪಿಲಿಯ ಬಳಿ ಉಳಿದು, ಇಳಿದ ಮರುದಿನವೇ ಗಿಯೂಸ್ ಕಾಂಬೋಸ್‌ಗೆ ಹೋಗಿ. ಕೊನೆಯ ಕೆಂಪು ಹೂಗಳು ಸಿಕ್ಕರೆ ನಿಮ್ಮ ಭಾಗ್ಯ, ಸಿಗದಿದ್ದರೂ ತಡವಾಗಿ ಅರಳುವ ಆರ್ಕಿಡ್‌ಗಳು ಇರುತ್ತವೆ. ಅಲ್ಲಿಂದ ಫೈಸ್ಟೋಸ್ ಮುಗಿಸಿ, 27ರ ಹೊತ್ತಿಗೆ ಹಾನಿಯಾಕ್ಕೆ ಬಂದು ಕೊನೆಯವರೆಗೂ ಅಲ್ಲೇ ಇರಿ. ಒಮಾಲೋಸ್‌ಗೆ ಅಲ್ಲಿಂದ ಸುಮಾರು 40 ಕಿಲೋಮೀಟರ್, ಆಸಿ ಗೋನಿಯಾಕ್ಕೂ ಬೆಳಗ್ಗೆ ಹೋಗಿ ಮಧ್ಯಾಹ್ನ ಮರಳಬಹುದು. ಪೂರ್ವದ ವಾಯಿ ತಾಳೆವನ, ಸ್ಪಿನಾಲೋಂಗಾ ಕೋಟೆ, ಲಸಿಥಿ ಬಯಲು ಇವನ್ನು ಈ ಬಾರಿ ಬಿಟ್ಟುಬಿಡಿ. ನಕ್ಷೆಯಲ್ಲಿ ಹತ್ತಿರ ಕಾಣುವ ಆ ದಾರಿಗಳು ಬೆಟ್ಟದ ತಿರುವುಗಳಲ್ಲಿ ಅರ್ಧ ದಿನ ನುಂಗುತ್ತವೆ, ಯಜಮಾನರ ಕಾಲಿಗೆ ಕಾರಿನಲ್ಲಿ ಮಡಚಿ ಕೂರುವುದೂ ಹಿತವಲ್ಲ.

ಕಾಗದಪತ್ರಗಳ ಬಗ್ಗೆ ಎರಡೇ ಮಾತು. ಗ್ರೀಸ್ ಮತ್ತು ಜರ್ಮನಿ ಎರಡೂ ಒಂದೇ ವೀಸಾದಲ್ಲಿ ಓಡಾಡಬಹುದಾದ ಷೆಂಗೆನ್ ವಲಯದವು. ಹೆಚ್ಚು ದಿನ ಮ್ಯೂನಿಕ್‌ನಲ್ಲಿರುವುದರಿಂದ ಜರ್ಮನಿಯ ಮೂಲಕವೇ ವೀಸಾ ಅರ್ಜಿ ಹಾಕಬೇಕು, ಪ್ರವಾಸಕ್ಕೆ ಆರು ತಿಂಗಳಿಗಿಂತ ಮೊದಲು ಹಾಕುವಂತಿಲ್ಲ, ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಕಾರನ್ನು ಜರ್ಮನ್ ಲೈಸೆನ್ಸ್ ಇರುವ ಮಗಳೇ ಓಡಿಸಲಿ. ಭಾರತದ ಲೈಸೆನ್ಸ್ ಮಾತ್ರ ಇರುವವರಿಗೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯೂ ಬೇಕು. ಬಾಡಿಗೆ ಕಾರಿನ ವಿಮೆ ಮಣ್ಣುರಸ್ತೆಯಲ್ಲಾಗುವ ಹಾನಿಯನ್ನು ಸಾಮಾನ್ಯವಾಗಿ ಒಳಗೊಳ್ಳುವುದಿಲ್ಲವಾದ್ದರಿಂದ ಗುತ್ತಿಗೆ ಪತ್ರವನ್ನು ಓದಿ ಸಹಿ ಹಾಕಿ.

ಕೆಂಪು ಟ್ಯೂಲಿಪ್ ಮತ್ತು ಈಸ್ಟರ್ ಎರಡರಲ್ಲಿ ಯಾವುದನ್ನೂ ಬಿಡಲಾರೆವು ಎಂದು ನೀವಿಬ್ಬರೂ ತೀರ್ಮಾನಿಸಿದರೆ 2028ರವರೆಗೆ ಕಾಯುವುದನ್ನು ಯೋಚಿಸಿ. ಆ ವರ್ಷ ಗ್ರೀಸ್‌ನ ಈಸ್ಟರ್ ಏಪ್ರಿಲ್ 16ಕ್ಕೆ, ಅಂದರೆ ಗಿಯೂಸ್ ಕಾಂಬೋಸ್ ಕೆಂಪಾಗಿರುವ ದಿನಗಳಲ್ಲೇ ಬರುತ್ತದೆ. ಸಂತ ಜಾರ್ಜ್ ಹಬ್ಬವೂ ತನ್ನ ಏಪ್ರಿಲ್ 23ರಂದೇ ನಡೆಯುತ್ತದೆ. ಒಮಾಲೋಸ್‌ನ ನೇರಳೆ ಟ್ಯೂಲಿಪ್‌ಗೆ ಆಗ ಬೇಗವಾಗಬಹುದು. ಜೊತೆಗೆ ಆ ವರ್ಷ ಜರ್ಮನಿಯ ಈಸ್ಟರ್ ಕೂಡ ಅದೇ ದಿನ ಬರುವುದರಿಂದ ಮಗಳಿಗೆ ರಜೆ ಸುಲಭವಾಗಿ ಸಿಗುತ್ತದೆ, ಆದರೆ ಯುರೋಪಿನ ಅರ್ಧ ಜನರಿಗೂ ಅದೇ ರಜೆ ಇರುತ್ತದೆ. ವಸತಿ ಮತ್ತು ವಿಮಾನದ ಟಿಕೆಟ್‌ಗಳನ್ನು 2027ರ ಶರತ್ಕಾಲದಲ್ಲೇ ಗೊತ್ತುಮಾಡಿಕೊಳ್ಳಬೇಕಾಗುತ್ತದೆ.